ಇಪ್ಪತ್ತು ದಿನದ ವಾಕ್ಯ

ಬಸ್ಸಿಗೆ ಇನ್ನೂ ಎರಡು ಗಂಟೆ. ಹೊರಗೆ ಮೈನಸ್ ಹತ್ತೊಂಬತ್ತು.
ಕೆಮಿ ಊರಿನ ನ್ಯಾಯಾಲಯದ ಬಾಗಿಲು ಯಾರಿಗೂ ತೆರೆದದ್ದು.
ಹಿಂದಿನ ಬೆಂಚಿನಲ್ಲಿ ಕೂತು ಕೈಗವಸು ಬಿಚ್ಚಿದೆ.
ನ್ಯಾಯಕ್ಕಲ್ಲ, ಕಾವಿಗೆ ಬಂದವಳು ನಾನು.

ಟೌನೊ ರಾಸಿಲಾ, ಅರವತ್ತೊಂದು, ಹಿಮ ಗೋರುವ ಗಾಡಿಯ ಚಾಲಕ.
ಮಾರ್ಚಿಯ ಒಂದು ರಾತ್ರಿ, ಎರಡು ಬಿಯರಿನ ಮೇಲೆ,
ಹೆಬ್ಬೆರಳಿನಿಂದ ಒಂದು ವಾಕ್ಯ ಬರೆದ:
ಗ್ರಂಥಾಲಯದ ಬಸ್ಸು ಓಡಿಸುವ ವಿಯೆನೊ ಬಗ್ಗೆ,
ಅವಳು ಇಟ್ಟುಕೊಂಡ ಹೆಸರಿನ ಬಗ್ಗೆ, ಉಟ್ಟ ಲಂಗದ ಬಗ್ಗೆ,
ಅದರೊಳಗೆ ಏನಿದೆ ಎನ್ನುವುದರ ಬಗ್ಗೆ.
ನೂರ ನಲವತ್ತು ಜನ ನಕ್ಕರು.
ಬೆಳಗಿನ ಕಾಫಿಗೆ ಅವನಿಗೆ ಮರೆತೇ ಹೋಗಿತ್ತು.

ಅವರ ಭಾಷೆಯಲ್ಲಿ ಅವನು ಇಲ್ಲ, ಅವಳೂ ಇಲ್ಲ.
ಹ್ಯಾನ್ ಅಂದರೆ ಮುಗಿಯಿತು:
ಬಿಷಪ್ಪನೂ ಹ್ಯಾನ್, ಸೂಲಗಿತ್ತಿಯೂ ಹ್ಯಾನ್.
ಚುಚ್ಚೋಣವೆಂದರೆ ಸರ್ವನಾಮದಲ್ಲಿ ಮುಳ್ಳೇ ಇಲ್ಲ.
ಪಾಪ, ಟೌನೊ ನಾಮಪದಗಳ ಅಟ್ಟ ಹತ್ತಿ
ಧೂಳು ಕೊಡವಿ ಒಂದನ್ನು ಇಳಿಸಿಕೊಳ್ಳಬೇಕಾಯಿತು.

ನನ್ನ ಕಷ್ಟ ಬೇರೆ. ಟಿಕೆಟ್ಟಿನ ಹಿಂದೆ ಕನ್ನಡದಲ್ಲಿ ಗೀಚುತ್ತಿದ್ದೆ.
'ವಿಯೆನೊ ಎದ್ದು ನಿಂತ' ಎಂಬಲ್ಲಿ ಪೆನ್ನು ನಿಂತಿತು.
ಕ್ರಿಯಾಪದದ ಬಾಲ ಕೇಳುತ್ತದೆ: ಅಳೋ, ಅನೋ?
ನಿಂತರು ಎಂದು ಬಹುವಚನದ ಶಾಲು ಹೊದಿಸಿ ಜಾರಿಕೊಳ್ಳಬಹುದು,
ನಾವು ಹಾಗೆ ಜಾರಿಕೊಂಡದ್ದು ಕಡಿಮೆಯೇ?
ನಿಂತಳು. ಬರೆದೆ.
ಶಾಯಿಗೇನೂ ಭಾರವಾಗಲಿಲ್ಲ.

ಆಮೇಲೆ ಓದು ಶುರುವಾಯಿತು.
ಪೊಲೀಸರ ವರದಿಯಲ್ಲಿ ಆ ವಾಕ್ಯ.
ಪ್ರಾಸಿಕ್ಯೂಟರ್ ಬಾಯಲ್ಲಿ ಆ ವಾಕ್ಯ, ನೆಗಡಿಯ ಮೂಗಿನಿಂದ.
ವಕೀಲ ಮೀನಿನ ಮುಳ್ಳು ಬಿಡಿಸಿದಂತೆ ಬಿಡಿಸಿಟ್ಟ:
ಇದು ತಮಾಷೆ, ಇದು ಅಭಿಪ್ರಾಯ, ಇದು ಬರೀ ಅಲ್ಪವಿರಾಮ.
ದಾಖಲೆಗಾಗಿ ನ್ಯಾಯಾಧೀಶೆ ಮತ್ತೊಮ್ಮೆ.
ಆಡಬಾರದ ಮಾತನ್ನು ಕೋರ್ಟೇ ನಾಲ್ಕು ಸಲ ಆಡಿತು,
ಸ್ಪಷ್ಟ ಉಚ್ಚಾರದಲ್ಲಿ, ಮೈಕು ಹಿಡಿದು.

ವಿಯೆನೊ ಕಿಟಕಿ ನೋಡುತ್ತಿದ್ದಳು.
ಮೂರನೆಯ ಸಲಕ್ಕೆ ಕುತ್ತಿಗೆ ಒಳಗೆಳೆದುಕೊಂಡವನು ಟೌನೊ,
ಯಾರೋ ತನ್ನ ಒಳಂಗಿ ತೊಟ್ಟು ಸಭೆಗೆ ಬಂದಂತೆ.

"ನನ್ನ ಫೋನಿನಲ್ಲಿ ನಾನೇನೂ ಬರೆಯಬಾರದೇ?" ಎಂದ.
ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ನಾನೂ ಕಿವಿ ಚಾಚಿದೆ.
ನಾಳೆ ಈ ತಕ್ಕಡಿ ಇನ್ಯಾರದೋ ಕೈ ಸೇರಿ
ವಿಯೆನೊ ತನ್ನ ಬಗ್ಗೆ ತಾನೇ ಬರೆದದ್ದನ್ನು ತೂಗಿದರೆ?
ಪೂರ್ವಕ್ಕೆ ಒಂದು ದಾರಿ ಹಿಡಿದರೆ, ಗಡಿಯಾಚೆ,
ಹಾಗೂ ತೂಗುತ್ತಾರೆ.
ನ್ಯಾಯಾಧೀಶೆ ಉತ್ತರವಾಗಿ ಒಂದು ಕಲಮಿನ ಸಂಖ್ಯೆ ಹೇಳಿದಳು.

ಇಪ್ಪತ್ತು ದಿನದ ದಂಡ.
ಇಲ್ಲಿ ದಂಡಕ್ಕೆ ಕಾಸಿನ ಲೆಕ್ಕವಲ್ಲ, ದಿನದ ಲೆಕ್ಕ;
ನಿನ್ನ ಒಂದು ದಿನಕ್ಕೆ ಎಷ್ಟು ಬೆಲೆಯೋ ಅದರಂತೆ.
ಸಾಹುಕಾರ ಬರೆದಿದ್ದರೆ ಅದೇ ವಾಕ್ಯ ಇನ್ನೂ ತುಟ್ಟಿ.
ದುಡ್ಡು ಖಜಾನೆಗೆ. ವಿಯೆನೊಗೆ ಸಿಕ್ಕಿದ್ದು ತೀರ್ಪಿನ ಪ್ರತಿ,
ಎರಡನೆಯ ಪುಟದಲ್ಲಿ, ಉದ್ಧರಣ ಚಿಹ್ನೆಯ ನಡುವೆ ಬೆಚ್ಚಗೆ,
ಆ ವಾಕ್ಯ.

ಇಲ್ಲಿ ನಾನದನ್ನು ಬರೆದಿಲ್ಲ. ಕಾನೂನಿಗೆ ಹೆದರಿ ಅಲ್ಲ.
ಮನಸ್ಸಿನಲ್ಲೇ ಅನುವಾದಿಸಿ ನೋಡಿದೆ,
ಕನ್ನಡದಲ್ಲಿ ಅದಕ್ಕೆ ಪದಗಳು
ಎಷ್ಟು ಬೇಗ ಓಡಿ ಬಂದವು.

ಎರಡಕ್ಕೇ ಕತ್ತಲು. ಬಸ್ಸು ತಡ.
ಹತ್ತಿ ಕೂತ ಮೇಲೆ ಕಂಡೆ, ಒಂದು ಓಣಿಯ ತಿರುವಿನಲ್ಲಿ
ಹಳದಿ ದೀಪ ತಿರುಗಿಸುತ್ತ ಹೋಗುತ್ತಿದ್ದ ಗಾಡಿ.
ದಾರಿ ಬಿಡಿಸುತ್ತ, ಪ್ರತಿ ಗೇಟಿಗೂ ಹಿಮದ ಏರಿ ಕಟ್ಟುತ್ತ.
ನಾಲ್ಕನೆಯ ಮನೆಯೆದುರು ಸಲಿಕೆ ಹಿಡಿದು ವಿಯೆನೊ.
ಅವಳ ಗೇಟಿಗೂ ಅಷ್ಟೇ ಏರಿ, ಎಲ್ಲರಿಗೆ ಎಷ್ಟೋ ಅಷ್ಟು,
ಮೊಣಕಾಲಿನವರೆಗೆ.